ತಥಾಸ್ತುಪುರಕ್ಕೆ ಮೋಡ ಬಂದದ್ದು

ಇಸವಿ ಹೇಳಿದರೆ ಯಾರಾದರೂ ತಮ್ಮನ್ನೇ ಕುರಿತು ಬರೆದದ್ದೆಂದು ಲಾಯರ್ ನೋಟೀಸು ಕಳಿಸಿಯಾರು. ಆದ್ದರಿಂದ ಪತ್ರಿಕೆಯ ಓದುಗ ಮಹಾಶಯರು ಇದನ್ನು ಬಹು ಪುರಾತನ ಕಾಲದ ಸಂಗತಿಯೆಂದೇ ಭಾವಿಸತಕ್ಕದ್ದು. ಆ ಕಾಲದಲ್ಲಿ, ಯಾವ ಭೂಪಟದಲ್ಲೂ ಸಿಗದ ಒಂದು ಜಾಗದಲ್ಲಿ, ತಥಾಸ್ತುಪುರವೆಂಬ ರಾಜ್ಯವಿತ್ತು.

ಅದನ್ನು ಶ್ರೀಮನ್ಮಹಾರಾಜ ಶಿಲಾನ್ಯಾಸಾದಿತ್ಯರು ಆಳುತ್ತಿದ್ದರು. ಮಹಾರಾಜರಿಗೆ ಬೇಟೆಯ ಚಟವಿರಲಿಲ್ಲ, ಜೂಜಿನ ಗೀಳಿರಲಿಲ್ಲ. ಅಡಿಗಲ್ಲು ಇಡುವುದೊಂದೇ ಅವರ ವ್ಯಸನ. ರಾಜಧಾನಿಯ ಯಾವ ತಿರುವಿನಲ್ಲಿ ಹೊರಳಿದರೂ ಅವರ ಹೆಸರು ಕೆತ್ತಿದ ಕಲ್ಲೊಂದು ಕಾಲಿಗೆ ತಾಗುತ್ತಿತ್ತು. ಗ್ರಂಥಾಲಯದ ಅಡಿಗಲ್ಲಿನ ಮೇಲೆ ಜನ ಸಂಡಿಗೆ ಒಣಗಿಸುತ್ತಿದ್ದರು, ಆಸ್ಪತ್ರೆಯ ಅಡಿಗಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ಕಲ್ಲಿನ ಮೇಲೆ ಕಟ್ಟಡ ಯಾಕೆ ಏಳಲಿಲ್ಲವೆಂದು ಯಾರೂ ಕೇಳಿದವರಲ್ಲ. ಕೇಳುವ ಪದ್ಧತಿಯೇ ಆಸ್ಥಾನದಲ್ಲಿರಲಿಲ್ಲ. ಮಹಾರಾಜರು ಬಾಯಿ ತೆರೆದ ಕೂಡಲೇ ಮಹಾಮಂತ್ರಿ ಸಮ್ಮತಿರಾಯರು "ತಥಾಸ್ತು" ಎನ್ನುವರು. ಅವರ ಹಿಂದೆ ಸಭೆಯೆಲ್ಲ "ತಥಾಸ್ತು" ಎನ್ನುವುದು. ಆಮೇಲೆ ಮಹಾರಾಜರು ತಾವು ಏನು ಹೇಳಬೇಕೆಂದಿದ್ದೆವೆಂದು ನೆನಪು ಮಾಡಿಕೊಳ್ಳುವರು. ಆಡಳಿತ ಹೀಗೆ ಸುಸೂತ್ರವಾಗಿ ಸಾಗಿತ್ತು.

ಆ ರಾಜಧಾನಿಯಲ್ಲಿ ನಿಜಕ್ಕೂ ಕಟ್ಟಿ ಮುಗಿಸಿದ ವಸ್ತುವೆಂದರೆ ಒಂದೇ, ಹಂಸಕೆರೆ. ಹಳೆಯ ಕಾಲದ ಯಾವ ರಾಣಿಯೋ ಅಡಿಗಲ್ಲು ಇಡುವುದನ್ನು ಮರೆತು ನೇರವಾಗಿ ಕೆರೆಯನ್ನೇ ಕಟ್ಟಿಸಿಬಿಟ್ಟಿದ್ದಳು. ಊರು ಅದರ ನೀರನ್ನೇ ಕುಡಿಯುತ್ತಿತ್ತು. ಕೆರೆಯ ದಂಡೆಗೇ ಬಣ್ಣಗಾರರ ಬೀದಿ. ಆ ಬೀದಿಯವರು ನೂಲಿಗೆ, ಸೀರೆಗೆ ಬಣ್ಣ ಹಾಕಿ ಕೆರೆಯ ನೀರಿನಲ್ಲಿ ಜಾಲಾಡಿ ಒಣಹಾಕುವುದನ್ನು ನೋಡಲು ದೂರದ ಊರಿನವರು ಬರುತ್ತಿದ್ದರು. ಆ ಬೀದಿಗೆ ಹಿರಿಯಳು ನೀಲಮ್ಮ. ಮೊಣಕೈವರೆಗೆ ಆಕೆಯ ಚರ್ಮದ ಬಣ್ಣ ಯಾವುದೆಂದು ಆಕೆಯೇ ಮರೆತಿದ್ದಳು. ಆಕೆಯ ತಮ್ಮ ಕೇದಾರಯ್ಯನವರು ಆಸ್ಥಾನದಲ್ಲಿ ದೀಪಜಲಾಮಾತ್ಯರು, ಎಂದರೆ ವಿದ್ಯುತ್ತು ಮತ್ತು ನೀರಿನ ಮಂತ್ರಿ. ತಾಯಿಯಿಲ್ಲದ ತಮ್ಮನನ್ನು ಬಣ್ಣದ ತೊಟ್ಟಿಗಳ ನಡುವೆ ಬೆಳೆಸಿ, ಓದಿಸಿ, ಅರಮನೆಯ ಬಾಗಿಲವರೆಗೆ ಕೈಹಿಡಿದು ತಂದುಬಿಟ್ಟವಳು ಅಕ್ಕನೇ. ಬಾಗಿಲಿಂದ ಒಳಗೆ ಅವರು ತಾವಾಗಿಯೇ ತಲೆಯಾಡಿಸುತ್ತಾ ಮುಂದೆ ಹೋದರು.

ಹೀಗಿರಲಾಗಿ ಒಮ್ಮೆ ಮಹಾರಾಜರು ಪಕ್ಕದ ಪರಮಪುರಕ್ಕೆ ಮದುವೆಗೆ ಹೋದರು. ಊಟದ ಪಂಕ್ತಿಯಲ್ಲಿ ಪರಮಪುರದ ದೊರೆ ಹೋಳಿಗೆ ಮುರಿಯುತ್ತಾ, "ನಿಮ್ಮಲ್ಲಿ ಮೋಡ ಬಂತೇ?" ಎಂದು ಸಹಜವೆಂಬಂತೆ ಕೇಳಿದರು.

"ಮೊನ್ನೆ ತುಸು ಬಂದಿತ್ತು. ಹನಿಯಲಿಲ್ಲ," ಎಂದರು ನಮ್ಮ ಮಹಾರಾಜರು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪರಮಪುರದವರು ಹೇಳುತ್ತಿದ್ದದ್ದು ಆಕಾಶದ ಮೋಡವಲ್ಲ. ಏಳು ಸಮುದ್ರದಾಚೆಯ ಮಹಾಮೇಘ ಕಂಪನಿಯ ಮೋಡ. ಜಗತ್ತಿನ ಜನರ ಪತ್ರ, ಚಿತ್ರ, ಲೆಕ್ಕ, ಹಾಡು, ಜಗಳ ಎಲ್ಲವನ್ನೂ ಯಂತ್ರಗಳಲ್ಲಿ ತುಂಬಿಡುವ ಭಾರೀ ಕಟ್ಟಡವದು. ಡೇಟಾ ಸೆಂಟರ್ ಎಂಬುದು ಶಾಸ್ತ್ರೀಯ ನಾಮ, ಮೋಡವೆಂಬುದು ಮುದ್ದಿನ ಹೆಸರು. ಪರಮಪುರದಲ್ಲಿ ಅದು ಬರುವ ಮಾತುಕತೆ ನಡೆದಿತ್ತಂತೆ.

ಮಹಾರಾಜರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆದ್ದರು. ಊರಿಗೆ ಮರಳಿದವರೇ ಸಭೆ ಕರೆದು, "ನಮಗೂ ಒಂದು ಮೋಡ ಬೇಕು. ಅವರದಕ್ಕಿಂತ ದೊಡ್ಡದು. ಅವರದಕ್ಕಿಂತ ಮೊದಲು," ಎಂದು ಅಪ್ಪಣೆ ಮಾಡಿದರು.

"ತಥಾಸ್ತು," ಎಂದಿತು ಸಭೆ.

ಕೆಲವೇ ದಿನಗಳಲ್ಲಿ ಮಹಾಮೇಘ ಕಂಪನಿಯ ರಾಯಭಾರಿ ಟಾಲ್ಬರ್ನ್ ಸಾಹೇಬರು ಬಂದಿಳಿದರು. ಅವರು ದಾರಿಯಲ್ಲೇ ಮೊಬೈಲು ನೋಡಿಕೊಂಡು ಕನ್ನಡ ಕಲಿತಿದ್ದರು. ಸಿಂಹಾಸನಕ್ಕೆ ನಮಸ್ಕರಿಸಿ, "ನನಗೆ ನಿಮ್ಮ ಭಾಷೆ ಸ್ವಲ್ಪ ಸ್ವಲ್ಪ ಸಾಕು. ನಿಮ್ಮ ನೀರು ಪೂರ್ತಿ ಬೇಕು," ಎಂದು ಶುರುಮಾಡಿದರು. ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾರೆಂದು ಸಭೆ ಬೆರಗಾಗಿ ಚಪ್ಪಾಳೆ ತಟ್ಟಿತು. ಅವರು ಏನಂದರೆಂಬುದನ್ನು ಯಾರೂ ಗಮನಿಸಲಿಲ್ಲ.

ಆಸ್ಥಾನದ ಗೋಡೆಯ ಮೇಲಿದ್ದ ದಶಾವತಾರದ ಚಿತ್ರಗಳಿಗೆ ಬಿಳಿ ಪಂಚೆ ಹೊದಿಸಿ ಸಾಹೇಬರು ತಮ್ಮ ಸ್ಲೈಡುಗಳನ್ನು ತೋರಿಸಿದರು. ಮಹಾರಾಜರು ಪ್ರಶ್ನೆ ಕೇಳಿದರು.

"ಮೋಡವೆಂದ ಮೇಲೆ ಮಳೆ ಬರುತ್ತದಷ್ಟೆ?"

"ಇಲ್ಲ ಪ್ರಭು. ನಮ್ಮ ಮೋಡದ ಒಳಗೆ ಹೋದದ್ದು ಹೊರಗೆ ಬರುವುದೇ ಇಲ್ಲ. ಅದೇ ನಮ್ಮ ಸೆಕ್ಯುರಿಟಿ."

"ಭೇಷ್! ನಮ್ಮ ಬೊಕ್ಕಸವೂ ಹಾಗೆಯೇ," ಎಂದರು ಮಹಾರಾಜರು. "ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ?"

"ಕಟ್ಟುವಾಗ ತುಂಬಾ ಜನಕ್ಕೆ. ಕಟ್ಟಿದ ಮೇಲೆ ಗೇಟಿನ ಹತ್ತಿರ ಒಬ್ಬರಿಗೆ. ಒಳಗೆ ಮನುಷ್ಯರಿದ್ದರೆ ಯಂತ್ರಗಳಿಗೆ ಸೆಕೆಯಾಗುತ್ತದೆ."

ಸಭೆ ತುಸು ಹೊಯ್ದಾಡಿತು. ಮಹಾಮಂತ್ರಿ ಸಮ್ಮತಿರಾಯರು ಗಂಟಲು ಸರಿಮಾಡಿಕೊಂಡು, "ಗೇಟು ದೊಡ್ಡದಿರುತ್ತದೆಯೇ?" ಎಂದು ವಿಚಾರಿಸಿದರು.

"ಬಹಳ ದೊಡ್ಡದು."

"ಹಾಗಾದರೆ ಚಿಂತೆಯಿಲ್ಲ."

ಕೊನೆಯ ಸ್ಲೈಡಿನಲ್ಲಿ ಕಂಪನಿಯ ಅಗತ್ಯಗಳಿದ್ದವು. ಕೆರೆಯ ದಂಡೆಯ ಜಾಗ ಬೇಕು. ಒಂದು ಕ್ಷಣವೂ ಕಡಿಯದ ವಿದ್ಯುತ್ತು ಬೇಕು. ಯಂತ್ರಗಳನ್ನು ತಂಪಾಗಿಡಲು ಹಂಸಕೆರೆಯ ನೀರಿನ ಮೇಲೆ ಮೊದಲ ಹಕ್ಕು ಬೇಕು. ಸಭೆ "ತಥಾ" ಎಂದು ಬಾಯಿ ತೆರೆಯುವಷ್ಟರಲ್ಲಿ ಎಡಸಾಲಿನಿಂದ ಒಂದು ಶಬ್ದ ಕೇಳಿಸಿತು.

"ಆದರೆ..."

ಕೇದಾರಯ್ಯನವರ ದನಿ ಅದು. ಅವರಿಗೇ ಗೊತ್ತಿಲ್ಲದೆ ಬಾಯಿಂದ ಜಾರಿಬಿದ್ದಿತ್ತು. ಚಾಮರ ಬೀಸುತ್ತಿದ್ದವನ ಕೈ ನಿಂತಿತು. ಆಸ್ಥಾನಕವಿ ಲಲಿತಶೇಖರರು ಹೆಬ್ಬಾವನ್ನು ಕಂಡವರಂತೆ ಆಸನದಲ್ಲಿ ಅತ್ತ ಸರಿದರು.

"ಅದೇನು ಪದ?" ಎಂದರು ಮಹಾರಾಜರು, ಕೋಪದಿಂದಲ್ಲ, ಕುತೂಹಲದಿಂದ.

"ವ್ಯಾಕರಣದಲ್ಲಿದೆ ಪ್ರಭು," ಎಂದರು ಸಮ್ಮತಿರಾಯರು. "ಬಳಕೆಯಲ್ಲಿಲ್ಲ."

ಕೇದಾರಯ್ಯನವರು ಹೇಳಿದ ಮೇಲೆ ನುಂಗಲಾಗದೆ ಮುಂದುವರಿದರು. "ಕೆರೆಯ ನೀರನ್ನು ಊರು ಕುಡಿಯುತ್ತದೆ ಮಹಾಪ್ರಭು. ಬಣ್ಣಗಾರರ ಬೀದಿಗೂ ಅದೇ ನೀರು."

ಕವಿ ಲಲಿತಶೇಖರರು ತಟ್ಟನೆದ್ದು, "ಊರು ಕುಡಿದರೆ ಊರಿಗಷ್ಟೇ ಗೊತ್ತು ಪ್ರಭೋ! ಮೋಡ ಕುಡಿದರೆ ಜಗತ್ತಿಗೇ ಗೊತ್ತು!" ಎಂದರು. ಅವರಿಗೆ ಅಲ್ಲೇ ಶಾಲು ಹೊದಿಸಲಾಯಿತು.

ಮಹಾರಾಜರು ಮಾತ್ರ ಉದಾರಿಗಳು. "ಭಿನ್ನಾಭಿಪ್ರಾಯವನ್ನು ನಾವು ಗೌರವಿಸುತ್ತೇವೆ. ಕೇದಾರಯ್ಯನವರ ಅಧ್ಯಕ್ಷತೆಯಲ್ಲೇ ಸಮಿತಿ ರಚಿಸಿ. ಮೋಡ ಬಂದರೆ ಊರಿಗೆ ಒಳ್ಳೆಯದೇ ಅಥವಾ ಬಹಳ ಒಳ್ಳೆಯದೇ ಎಂಬುದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿ ಹೇಳಲಿ," ಎಂದು ಸಭೆ ಮುಗಿಸಿದರು.

ಮರುದಿನ ಬೆಳಿಗ್ಗೆ ನೀಲಮ್ಮ ತಮ್ಮನ ಮನೆಗೆ ಬಂದಳು. ಕೈಯ ಬಣ್ಣ ಅಮಾತ್ಯರ ಹೊಸ ಸೋಫಾಕ್ಕೆ ತಾಗದಿರಲೆಂದು ಹೊಸ್ತಿಲ ಹತ್ತಿರ ನೆಲದ ಮೇಲೇ ಕೂತಳು.

"ಏನೋ ಕೇದಾರ, ನಿನ್ನೆ ಸಭೇಲಿ ಬಾಯಿ ಬಿಟ್ಟಿಯಂತೆ? ಬೀದಿ ತುಂಬ ಅದೇ ಮಾತು. ಕೇಳಿ ನಂಗೆ ಹೊಟ್ಟೆ ತಣ್ಣಗಾಯ್ತು."

"ಜಾರಿ ಬಂತು ಅಕ್ಕ."

"ಜಾರಿ ಬಂದಿದ್ದೇ ನಿಜವಾದ ಮಾತು. ಇನ್ನೊಂದು ಸಲ ಜಾರಲಿ. ಆ ನೀರಿಲ್ಲದಿದ್ರೆ ನಮ್ಮ ಬಣ್ಣ ನಿಲ್ಲಲ್ಲ, ನೂಲು ನಿಲ್ಲಲ್ಲ, ಬೀದಿನೇ ನಿಲ್ಲಲ್ಲ. ನಿಂಗೆ ನಾನು ಹೇಳಿಕೊಡಬೇಕಾ? ನೀನು ಈಜು ಕಲಿತಿದ್ದೇ ಆ ಕೆರೇಲಿ."

"ಗೊತ್ತು ಅಕ್ಕ. ಆಗಲ್ಲ ಅಂತಲೇ ಹೇಳ್ತೀನಿ. ಸಮಿತಿ ನನ್ನ ಕೈಲೇ ಇದೆ."

"ನಿನ್ನ ಕೈಲಿರೋದು ಸರಿ. ನಿನ್ನ ಕೈ ಯಾರ ಹತ್ರ ಇದೆ ಅಂತ ನೋಡ್ಕೊ," ಎಂದು ಹೇಳಿ, ನಾದಿನಿ ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಕೇದಾರಯ್ಯನವರು ಅಂದು ನಿಜವಾಗಿಯೂ ನಿಶ್ಚಯ ಮಾಡಿದ್ದರೆಂದು ಹೇಳಲೇಬೇಕು. ವರದಿ ಒಪ್ಪಿಸುವ ದಿನ ಅರಮನೆಯ ಮೆಟ್ಟಿಲು ಹತ್ತುವಾಗಲೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಸಮ್ಮತಿರಾಯರು ಎದುರಾಗಿ ಭುಜದ ಮೇಲೆ ಕೈಹಾಕಿದರು.

"ಅಮಾತ್ಯರೇ, ನಿಮಗೆ ಇವತ್ತು ‘ಮೇಘಧುರಂಧರ’ ಬಿರುದು. ಪಲ್ಲಕ್ಕಿಯೂ ಇದೆ, ಏಸಿ ಹಾಕಿಸಿದ್ದೇವೆ. ವರದಿಯ ಕಷ್ಟ ನಿಮಗೆ ಬೇಡವೆಂದು ಕಂಪನಿಯವರೇ ಬರೆದುಕೊಟ್ಟಿದ್ದಾರೆ. ನೀವು ಮೊಹರು ಒತ್ತಿದರಾಯಿತು. ಒತ್ತದಿದ್ದರೂ ಆಯಿತು, ಒತ್ತಲು ಬೇರೆಯವರಿದ್ದಾರೆ."

ಸಭೆಯಲ್ಲಿ ಬಿರುದಿನ ಪೇಟ ತಲೆಗೇರಿತು. ವಾದ್ಯ ಮೊಳಗಿತು. ಮಹಾರಾಜರು ಹಿಂದೆಂದೂ ನೋಡದಷ್ಟು ಪ್ರೀತಿಯಿಂದ ಅವರನ್ನು ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಮಾತು ಕೇದಾರಯ್ಯನವರಿಗೆ ಆ ಹೊತ್ತಿನಲ್ಲಿ ಬಲು ಒರಟಾಗಿ, ಹಳ್ಳಿಯದಾಗಿ, ಮನೆಯಲ್ಲಿ ಮಾತ್ರ ಆಡುವಂಥದಾಗಿ ಕಂಡಿತು. ತಾನು ಬೇಡವೆಂದರೂ ಮೋಡ ಹೇಗೂ ಬರುತ್ತದೆ, ತಾನು ಒಳಗಿದ್ದರೆ ಬೀದಿಯವರಿಗೆ ಏನಾದರೂ ಮಾಡಬಹುದು ಎಂದು ತಮಗೆ ತಾವೇ ಹೇಳಿಕೊಂಡು ಮೊಹರು ಒತ್ತಿದರು. ಹಾಗೆ ಹೇಳಿಕೊಳ್ಳಲು ಅವರಿಗೆ ಹಿಡಿದ ಸಮಯ ಮೊಹರಿಗೆ ಮಸಿ ಹಚ್ಚುವಷ್ಟೇ.

ಒಪ್ಪಂದದಲ್ಲಿ ಕಂಪನಿ ಕೇಳಿದ್ದೆಲ್ಲ ಇತ್ತು, ಕೇಳದಿದ್ದದ್ದೂ ಇತ್ತು. ಮೋಡ ನಿಂತ ನೆಲವನ್ನು ಕಂಪನಿಯ ದೇಶದ ನೆಲವೆಂದೇ ತಿಳಿಯತಕ್ಕದ್ದು ಎಂಬ ಮಾತನ್ನು ಸಮ್ಮತಿರಾಯರು ಕಾಣಿಕೆಯಾಗಿ ಸೇರಿಸಿದ್ದರು. ಪ್ರತಿಯಾಗಿ ಕಂಪನಿಯ ಭೂಪಟದಲ್ಲಿ ತಥಾಸ್ತುಪುರಕ್ಕೆ ಒಂದು ಚುಕ್ಕೆ ಕೊಡಲಾಗುವುದೆಂದು ತೀರ್ಮಾನವಾಯಿತು. ಚುಕ್ಕೆ ನೀಲಿಯೋ ಹಸಿರೋ ಎಂಬುದರ ಬಗ್ಗೆ ಮಹಾರಾಜರು ಗಟ್ಟಿಯಾಗಿ ಚೌಕಾಸಿ ಮಾಡಿ ನೀಲಿಯನ್ನೇ ಪಡೆದರು. ಅದನ್ನು ರಾಜತಾಂತ್ರಿಕ ವಿಜಯವೆಂದು ಡಂಗುರ ಸಾರಿಸಲಾಯಿತು.

ಅಡಿಗಲ್ಲು ಬಿತ್ತು. ರಾಜ್ಯದ ಚರಿತ್ರೆಯಲ್ಲೇ ಮೊದಲ ಬಾರಿಗೆ ಅಡಿಗಲ್ಲಿನ ಮೇಲೆ ಕಟ್ಟಡವೂ ಎದ್ದಿತು. ಕಿಟಕಿಯಿಲ್ಲದ, ಬೂದುಬಣ್ಣದ, ಅರಮನೆಗಿಂತ ಉದ್ದನೆಯ ಕಟ್ಟಡ. ಒಳಗಿಂದ ಜೇನುಗೂಡಿನಂಥ ಗುಂಯ್ ಎಂಬ ಸದ್ದು ನಿಲ್ಲದೆ ಬರುತ್ತಿತ್ತು. ಬಣ್ಣಗಾರರ ಬೀದಿಯ ಹಸುಗೂಸುಗಳು ಆ ಸದ್ದಿಗೆ ಎಚ್ಚರಗೊಂಡು ಅಳುತ್ತಿದ್ದವು. ಲಲಿತಶೇಖರರು ಅದನ್ನು ಓಂಕಾರವೆಂದು ವರ್ಣಿಸಿ ಒಂದು ಶತಕ ಬರೆದರು.

ಮೊದಲು ಹೋದದ್ದು ದೀಪ. ಮೋಡಕ್ಕೆ ಕಡಿಯದ ವಿದ್ಯುತ್ತು ಕೊಡಬೇಕಾದರೆ ಊರಿಗೆ ಕಡಿಯಲೇಬೇಕಷ್ಟೆ. ಸಂಜೆಯಾದರೆ ಬೀದಿಗಳು ಕಗ್ಗತ್ತಲು. ಅರಮನೆ ಅದಕ್ಕೆ ‘ನೇತ್ರ ವಿಶ್ರಾಂತಿ ಯೋಜನೆ’ ಎಂದು ಹೆಸರಿಟ್ಟು, ಪ್ರಜೆಗಳ ಕಣ್ಣಿನ ಬಗ್ಗೆ ಮಹಾರಾಜರಿಗಿರುವ ಕಾಳಜಿಯನ್ನು ಗೋಡೆಗೋಡೆಯ ಮೇಲೆ ಬರೆಸಿತು. ಕತ್ತಲಾದ್ದರಿಂದ ಅದನ್ನು ಹಗಲಿನಲ್ಲೇ ಓದಬೇಕಿತ್ತು.

ಆಮೇಲೆ ಹೋದದ್ದು ನೀರು. ಮೋಡ ಕೆರೆಯಿಂದ ತಣ್ಣೀರು ಹೀರಿ, ಒಂದಷ್ಟನ್ನು ಹಬೆಮಾಡಿ ಗಾಳಿಗೆ ಬಿಟ್ಟು, ಉಳಿದದ್ದನ್ನು ಬಿಸಿಮಾಡಿ ಕೆರೆಗೇ ಸುರಿಯುತ್ತಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಅರಮನೆ ಕೂಡಲೇ ‘ಬಿಸಿನೀರ ಭಾಗ್ಯ’ವನ್ನು ಘೋಷಿಸಿತು: ಪ್ರಜೆಗಳು ಇನ್ನು ಸೌದೆಯ ಖರ್ಚಿಲ್ಲದೆ ಕೆರೆಯಲ್ಲೇ ಅಭ್ಯಂಜನ ಮಾಡಬಹುದು! ಮಹಾರಾಜರು ದೋಣಿಯಿಂದ ಕೈ ಇಳಿಬಿಟ್ಟು ಯೋಜನೆಯನ್ನು ಉದ್ಘಾಟಿಸಿದರು. ಅವರ ಕೈಗೆ ಎರಡು ದಿನ ಮುಲಾಮು ಹಚ್ಚಬೇಕಾಯಿತು.

ಆ ನೀರಿನಲ್ಲಿ ಬಣ್ಣ ನಿಲ್ಲಲಿಲ್ಲ. ನೀಲಮ್ಮ ಕಡುಗೆಂಪು ಹಾಕಿದ ನೂಲನ್ನು ಕೆರೆಯಲ್ಲಿ ಜಾಲಾಡಿ ಮೇಲೆತ್ತಿದರೆ ಅದು ಕಾಹಿಲೆಯವರ ನಾಲಿಗೆಯಂತೆ ಬಿಳಿಚಿಕೊಂಡಿರುತ್ತಿತ್ತು. ಹಬ್ಬಕ್ಕೆಂದು ಸೀರೆ ಹೇಳಿಹೋಗಿದ್ದವರು ನೋಡಿ ಮುಖ ಸಿಂಡರಿಸಿ ಹಿಂದಿರುಗಿದರು. ಒಂದೊಂದಾಗಿ ತೊಟ್ಟಿಗಳು ಒಣಗಿದವು. ಪಕ್ಕದ ಮನೆಯ ಹೊನ್ನೂರಪ್ಪ ತೊಟ್ಟಿಗೆ ಮಣ್ಣು ತುಂಬಿ ಮೆಣಸಿನಗಿಡ ಹಾಕಿದ. ಹಿತ್ತಿಲ ಬಾವಿಯ ನೀರು ಕುಡಿಯಲಷ್ಟೇ ಸಾಲುತ್ತಿತ್ತು, ಗಿಡಕ್ಕೆ ಹಾಕಲು ನೀರಿರಲಿಲ್ಲ.

ನೀಲಮ್ಮ ತಮ್ಮನ ಮನೆಗೆ ಎರಡು ಸಲ ಹೋದಳು. ಎರಡು ಸಲವೂ ಅಮಾತ್ಯರು ಮೀಟಿಂಗಿನಲ್ಲಿದ್ದರು. ಮೂರನೆಯ ಸಲ ಆಕೆ ಅಲ್ಲಿಗೆ ಹೋಗಲಿಲ್ಲ. ಬಿಳಿಚಿದ ನೂಲಿನ ಲಡಿಯೊಂದನ್ನು ಹೆಗಲಿಗೆ ಹಾಕಿಕೊಂಡು, ಬೀದಿಯವರನ್ನೆಲ್ಲ ಕರೆದುಕೊಂಡು, ನೇರವಾಗಿ ಮೋಡದ ಗೇಟಿಗೆ ಹೋದಳು.

ಗೇಟಿನಲ್ಲಿ ಆ ಇಡೀ ಕಟ್ಟಡದ ಒಬ್ಬನೇ ಉದ್ಯೋಗಿ ನಿಂತಿದ್ದ. ಮರಿಸ್ವಾಮಿ ಅಂತ, ಅದೇ ಊರಿನವನು. ಮೊದಲು ಮೀನು ಹಿಡಿಯುತ್ತಿದ್ದ.

"ಒಳಗೆ ಬಿಡಪ್ಪ, ನೀರಿನ ವಿಷಯ ಮಾತಾಡಬೇಕು," ಎಂದಳು ನೀಲಮ್ಮ.

"ಆಗಲ್ಲ ನೀಲಮ್ಮೋರೆ. ಈ ಗೆರೆಯಿಂದಾಚೆ ಬೇರೆ ದೇಶ. ಪಾಸು ಬೇಕು."

"ಯಾವ ದೇಶವೋ? ಇಲ್ಲೇ ನಿಮ್ಮಪ್ಪ ಬಲೆ ಒಣಗಿಸ್ತಿದ್ದ."

"ಆಗ ನಮ್ಮಪ್ಪ ಈ ದೇಶದಲ್ಲಿದ್ದ ಅಮ್ಮ. ಈಗ ನಾನು ದಿನಾ ಪರದೇಶಕ್ಕೆ ಹೋಗಿ ಬರ್ತೀನಿ," ಎಂದ ಮರಿಸ್ವಾಮಿ, ಸಂಕಟದಿಂದ.

ಜನ ಗೇಟಿನ ಮುಂದೆಯೇ ಕೂತರು. ಸುದ್ದಿ ಅರಮನೆಗೆ ಮುಟ್ಟಿತು. ಏಸಿ ಪಲ್ಲಕ್ಕಿಯಲ್ಲಿ ಕೇದಾರಯ್ಯನವರು, ಅವರ ಹಿಂದೆ ಆನೆಯ ಮೇಲೆ ಸಾಕ್ಷಾತ್ ಮಹಾರಾಜರೇ ಬಂದರು. ನೀಲಮ್ಮ ಎದ್ದು ನಿಂತು ನೂಲಿನ ಲಡಿಯನ್ನು ಎತ್ತಿ ಹಿಡಿದಳು.

"ಮಹಾಸ್ವಾಮಿ, ಇದು ಕೆಂಪು ನೂಲು. ಈಗ ನೋಡಿ, ಯಾವ ಬಣ್ಣ ಇದೆ ಹೇಳಿ. ನಮ್ಮ ಕೆರೆ ನಮಗೆ ಬಿಡಿಸಿಕೊಡಿ."

ಮಹಾರಾಜರಿಗೆ ಆ ಕ್ಷಣ ಮನಸ್ಸು ಕರಗಿತೆಂದು ಕಾಣುತ್ತದೆ. "ಈಗಲೇ ಒಳಗೆ ಹೋಗಿ ಮಾತಾಡುತ್ತೇವೆ," ಎಂದು ಆನೆಯಿಂದಿಳಿದು ಗೇಟಿಗೆ ನಡೆದರು. ಮರಿಸ್ವಾಮಿ ಕೈಮುಗಿದು ಅಡ್ಡ ನಿಂತ.

"ತಪ್ಪಾಯ್ತು ಬುದ್ಧಿ. ತಮಗೂ ಪಾಸು ಬೇಕು."

ಇನ್ನು ಗೇಟು ಉಳಿಯುವುದಿಲ್ಲವೆಂದು ನೀಲಮ್ಮನಿಗೆ ಅನಿಸಿತು. ಅಷ್ಟರಲ್ಲಿ ಟಾಲ್ಬರ್ನ್ ಸಾಹೇಬರು ಓಡಿಬಂದು, ಗೋಡೆಯ ಯಂತ್ರವೊಂದರ ಮುಂದೆ ಮಹಾರಾಜರನ್ನು ನಿಲ್ಲಿಸಿ, ಫೋಟೋ ತೆಗೆಸಿ, ಬಿಸಿಬಿಸಿಯಾಗಿ ಹೊರಬಂದ ಕಾರ್ಡೊಂದನ್ನು ದಾರಕ್ಕೆ ಸಿಕ್ಕಿಸಿ ಅವರ ಕೊರಳಿಗೆ ಹಾಕಿದರು. ಅದರ ಮೇಲೆ ‘ಸಂದರ್ಶಕರು’ ಎಂದು ಬರೆದಿತ್ತು.

ಮಹಾರಾಜರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನವರತ್ನದ ಹಾರಗಳನ್ನು ಅತ್ತ ಸರಿಸಿ ಅದು ಎಲ್ಲರಿಗೂ ಕಾಣುವಂತೆ ಮಾಡಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನಮ್ಮ ರಾಜ್ಯದಲ್ಲಿ ಇದುವರೆಗೆ ನಮ್ಮನ್ನು ಯಾರಾದರೂ ಇಷ್ಟು ಶಿಸ್ತಿನಿಂದ ತಡೆದದ್ದುಂಟೇ?" ಎಂದರು. "ಇದು ನೋಡಿ, ಅಂತಾರಾಷ್ಟ್ರೀಯ ಗುಣಮಟ್ಟ!"

ಒಳಗೆ ಹೋದರು. ತಂಪು ಗಾಳಿಯಲ್ಲಿ ಸ್ವಲ್ಪ ಹೊತ್ತು ಕೂತು, ಮಿನುಗುವ ದೀಪಗಳನ್ನು ನೋಡಿ, ಹೊರಬಂದು ನೀರಿನ ವಿಷಯ ಮರೆತು ಆನೆ ಹತ್ತಿದರು. ಕೇದಾರಯ್ಯನವರು ಪಲ್ಲಕ್ಕಿಯ ಪರದೆ ಸರಿಸಿ ಅಕ್ಕನನ್ನು ನೋಡಿದರು.

"ಅಕ್ಕ, ಬಿಸಿಲಲ್ಲಿ ಕೂರಬೇಡ. ಮನೆಗೆ ಹೋಗು. ನಾನು ನೋಡ್ತೀನಿ."

"ನೀನು ನೋಡ್ತಾನೇ ಇದೀಯಲ್ಲೋ," ಎಂದಳು ನೀಲಮ್ಮ.

ಬೇಸಗೆ ಬಂತು. ಕೆರೆಯ ನಡುವೆ ಮಣ್ಣಿನ ದಿಬ್ಬಗಳು ಎದ್ದವು. ಒಂದು ಬೆಳಿಗ್ಗೆ ಟಾಲ್ಬರ್ನ್ ಸಾಹೇಬರು ಆಸ್ಥಾನಕ್ಕೆ ಬಂದು, ಈಗ ಚೆನ್ನಾಗಿ ಸುಧಾರಿಸಿದ್ದ ಕನ್ನಡದಲ್ಲಿ, "ಪ್ರಭು, ನಿಮ್ಮ ಕೆರೆ ನಮ್ಮ ನಿರೀಕ್ಷೆಯ ಮಟ್ಟ ಮುಟ್ಟಿಲ್ಲ. ಪರಮಪುರದಲ್ಲಿ ನದಿಯಿದೆ. ಮೋಡ ಅತ್ತ ಹೋಗುವ ಯೋಚನೆಯಲ್ಲಿದೆ," ಎಂದರು.

ಸುದ್ದಿ ಮಧ್ಯಾಹ್ನದೊಳಗೆ ಬಣ್ಣಗಾರರ ಬೀದಿ ಮುಟ್ಟಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹೊನ್ನೂರಪ್ಪ ಮೆಣಸಿನಗಿಡ ಕಿತ್ತು ತೊಟ್ಟಿಯ ಮಣ್ಣು ತೆಗೆಯತೊಡಗಿದ. ನೀಲಮ್ಮ ಅಟ್ಟದಿಂದ ನೀಲಿಯ ಮಡಕೆ ಇಳಿಸಿ, ಒಂದು ಮಳೆಗಾಲ ಕಳೆದರೆ ಕೆರೆ ಮತ್ತೆ ಕೆರೆಯಾಗುತ್ತದೆಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಾ ಅದನ್ನು ಒರೆಸಿದಳು. ಎಷ್ಟೋ ದಿನಗಳ ಮೇಲೆ ಆ ಬೀದಿಯಲ್ಲಿ ಯಾರೋ ಹಾಡು ಗುನುಗಿದರು.

ಅತ್ತ ಅರಮನೆಯಲ್ಲಿ ಮಹಾರಾಜರು ಊಟ ಬಿಟ್ಟಿದ್ದರು. ನೀಲಿ ಚುಕ್ಕೆ ಪರಮಪುರದ ಪಾಲಾದರೆ ಮುಂದಿನ ಮದುವೆಗೆ ಯಾವ ಮುಖ ಹೊತ್ತು ಹೋಗುವುದು? ಮಂತ್ರಾಲೋಚನೆ ಕರೆದರು. ಸಮ್ಮತಿರಾಯರು ನದಿಯೊಂದನ್ನು ಬಾಡಿಗೆಗೆ ತರಬಹುದೆಂದರು. ಲಲಿತಶೇಖರರು ಕೆರೆಯ ಮೇಲೊಂದು ಕವಿತೆ ಬರೆದು ಕಂಪನಿಗೆ ಕಳಿಸೋಣವೆಂದರು. ಯಾವುದೂ ಮಹಾರಾಜರಿಗೆ ಹಿಡಿಸಲಿಲ್ಲ. ಕೊನೆಗೆ ಅವರ ಕಣ್ಣು ಕೇದಾರಯ್ಯನವರ ಮೇಲೆ ನಿಂತಿತು.

"ಮೇಘಧುರಂಧರರೇ, ನೀವು ನೀರಿನ ಮಂತ್ರಿ. ನೀವು ಹೇಳಿ. ಮೋಡ ಹೋಗಲೋ, ಉಳಿಯಲೋ?"

ಕೇದಾರಯ್ಯನವರಿಗೆ ಒಂದೇ ಒಂದು ಪದ ಸಾಕಿತ್ತು. ‘ಹೋಗಲಿ’ ಎಂದಿದ್ದರೆ ಮಹಾರಾಜರು ಅತ್ತು, ಮುನಿಸಿಕೊಂಡು, ಬೇರೊಂದು ಕಡೆ ಅಡಿಗಲ್ಲಿಟ್ಟು ಸಮಾಧಾನಗೊಳ್ಳುತ್ತಿದ್ದರೋ ಏನೋ. ಅಕ್ಕನ ಮುಖ ಅವರ ಕಣ್ಣ ಮುಂದೆ ಬಂದದ್ದೂ ನಿಜ. ಅದರ ಬೆನ್ನಿಗೇ ಮೋಡವಿಲ್ಲದ ರಾಜ್ಯಕ್ಕೆ ಮೇಘಧುರಂಧರ ಯಾಕೆ ಬೇಕೆಂಬ ಪ್ರಶ್ನೆಯೂ ಬಂತು. ಏಸಿ ಪಲ್ಲಕ್ಕಿಯಿಂದಿಳಿದು ಬಿಸಿಲಲ್ಲಿ ನಡೆದು ಮನೆ ಸೇರುವ ತಮ್ಮನ್ನೇ ಅವರು ಕಲ್ಪಿಸಿಕೊಂಡರು. ಆಮೇಲೆ ಬಾಯಿಂದ ಬಂದ ಮಾತು ಅವರಿಗೇ ಹೊಸದಾಗಿತ್ತು.

"ಕೆರೆ ಬತ್ತಿದರೇನು ಪ್ರಭು, ಮನೆಗಳ ಬಾವಿಗಳಿವೆಯಲ್ಲ. ದಿನಕ್ಕೆ ಮನೆಗೊಂದು ಕೊಡ ತಣ್ಣೀರು. ಪ್ರಜೆಗಳೇ ಗೇಟಿಗೆ ತಂದು ಸುರಿಯಲಿ."

ಸಮ್ಮತಿರಾಯರು ಎದ್ದು ನಿಂತು ಅವರನ್ನು ಅಪ್ಪಿಕೊಂಡರು. "ಜನ ಭಾಗೀದಾರಿಕೆ!" ಎಂದು ಉದ್ಗರಿಸಿದರು. ಮಹಾರಾಜರು ತಮ್ಮ ಕೊರಳ ಹಾರವೊಂದನ್ನು ತೆಗೆದು ಕೇದಾರಯ್ಯನವರಿಗೆ ಹಾಕಿದರು. ಕಾರ್ಡನ್ನು ಮಾತ್ರ ತೆಗೆಯಲಿಲ್ಲ. ಅಂದು ಮನೆಗೆ ಹೋದ ಮೇಲೆ ಕೇದಾರಯ್ಯನವರು ಹೆಂಡತಿಯೊಡನೆ ಮಾತಾಡದೆ ಮಲಗಿದರು. ಬೆಳಿಗ್ಗೆ ಎದ್ದಾಗ ಅದು ಒಳ್ಳೆಯ ಯೋಜನೆಯೆಂದೇ ಅವರಿಗೂ ಅನಿಸತೊಡಗಿತ್ತು.

ಡಂಗುರ ಹೊಡೆಯಿತು. ಕಂಪನಿ ಸಂತುಷ್ಟವಾಗಿ ತಾನು ಹೋಗುವುದಿಲ್ಲವೆಂದು ತಿಳಿಸಿತು. ಅತ್ಯಂತ ಆತ್ಮೀಯ ಆತಿಥೇಯ ದೇಶವೆಂಬ ಪ್ರಶಸ್ತಿಯನ್ನು ತಥಾಸ್ತುಪುರಕ್ಕೆ ಘೋಷಿಸಿ, ಮಹಾರಾಜರಿಗೆ ಬಿಳಿ ಪ್ಲಾಸ್ಟಿಕ್ಕಿನ ಮೇಘಕಿರೀಟವೊಂದನ್ನು ಕಳಿಸಿತು. ಗೇಟಿನ ಪಕ್ಕದಲ್ಲೇ ಶಾಮಿಯಾನ ಹಾಕಿ ಕಿರೀಟಧಾರಣೆ ನಡೆಯಿತು. ಮಹಾರಾಜರು ಪೂರ್ವಿಕರ ಚಿನ್ನದ ಕಿರೀಟವನ್ನು ತೆಗೆದು ಸಮ್ಮತಿರಾಯರ ಕೈಗೆ ಕೊಟ್ಟು, ಪ್ಲಾಸ್ಟಿಕ್ಕಿನದನ್ನು ಧರಿಸಿದರು. ಅದು ಹಗುರವಾಗಿತ್ತು. ತಲೆಗೆ ಸರಿಯಾಗಿ ಕೂತಿತು.

ಶಾಮಿಯಾನದ ಎದುರಿಗೆ ಬಿಸಿಲಿನಲ್ಲಿ ಕೊಡ ಹೊತ್ತವರ ಸಾಲು. ಗೇಟಿನಲ್ಲಿ ಮರಿಸ್ವಾಮಿ ಒಂದು ಕಡ್ಡಿಯಂಥ ಮಾಪಕವನ್ನು ಕೊಡದೊಳಗೆ ಅದ್ದಿ ನೋಡಿ, ಹಸಿರು ದೀಪ ಬಂದರೆ ನೀರನ್ನು ತೊಟ್ಟಿಗೆ ಸುರಿಸಿಕೊಳ್ಳುತ್ತಿದ್ದ. ನೀಲಮ್ಮನ ಸರದಿ ಬಂತು. ದೀಪ ಕೆಂಪಾಯಿತು.

"ಬೆಚ್ಚಗಾಗಿದೆ ನೀಲಮ್ಮೋರೆ. ತಣ್ಣೀರೇ ಆಗಬೇಕಂತೆ."

"ಬಾವಿಯಿಂದ ಸೇದಿದಾಗ ತಣ್ಣಗೇ ಇತ್ತಪ್ಪ. ನಿಲ್ಲಿಸಿದ್ದು ನೀವು, ಕಾಯಿಸಿದ್ದು ಬಿಸಿಲು."

"ನಂಗೆ ಗೊತ್ತು. ಇದಕ್ಕೆ ಗೊತ್ತಿಲ್ಲ," ಎಂದ ಮರಿಸ್ವಾಮಿ, ಕಡ್ಡಿಯನ್ನು ತೋರಿಸಿ.

ನೀಲಮ್ಮ ಕೊಡ ಇಳಿಸಿದಳು. ಸಾಲಿನಲ್ಲಿ ಹಿಂದೆ ಒಬ್ಬ ಬಸುರಿ ಹೆಂಗಸು ತುಟಿ ಒಣಗಿ ನಿಂತಿದ್ದಳು. ನೀಲಮ್ಮ ಆಕೆಯನ್ನು ಕರೆದು ಬೊಗಸೆ ಒಡ್ಡಿಸಿ ನೀರು ಹಾಕಿದಳು. ಆಮೇಲೆ ಆಕೆಯ ಹಿಂದಿನವರಿಗೆ, ಅವರ ಹಿಂದಿನವರಿಗೆ. ತಾನೂ ಎರಡು ಗುಟುಕು ಕುಡಿದಳು. ಕೊಡ ಬರಿದಾಯಿತು. ಅದನ್ನು ನೋಡಿದ ಅರಮನೆಯ ಅಧಿಕಾರಿಯೊಬ್ಬ ಓಡಿಬಂದು, ಮೋಡಕ್ಕೆಂದು ತಂದ ನೀರನ್ನು ಪ್ರಜೆಗಳು ಕುಡಿದದ್ದು ಅಪರಾಧವೆಂದೂ, ದಂಡವಾಗಿ ನಾಳೆಯಿಂದ ಆಕೆ ಎರಡು ಕೊಡ ತರತಕ್ಕದ್ದೆಂದೂ ಹೇಳಿದ.

ಶಾಮಿಯಾನದಿಂದ ಕೇದಾರಯ್ಯನವರು ಇದನ್ನು ಕಂಡರು. ಕುರ್ಚಿಯಿಂದ ಅರ್ಧ ಎದ್ದರು ಕೂಡ. ಅಷ್ಟರಲ್ಲಿ ಮಹಾರಾಜರು, "ಬನ್ನಿ ಅಮಾತ್ಯರೇ, ಗ್ರೂಪ್ ಫೋಟೋ," ಎಂದು ಕರೆದರು. ಹೋದರು. ಫೋಟೋದವನು ಸ್ವಲ್ಪ ನಗಬೇಕೆಂದ. ನಕ್ಕರು.

ಮಾರನೆಯ ದಿನ ನೀಲಮ್ಮ ಬಿಸಿಲೇರುವ ಮೊದಲೇ ಬಂದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಎರಡಕ್ಕೂ ಹಸಿರು ದೀಪ ಬಂತು. ನೀರು ಸುರಿದು ಹೊರಟವಳನ್ನು ಮರಿಸ್ವಾಮಿ ತಡೆದು, ಗೋಡೆಯ ಮೇಲಿನ ಹೊಸ ಪರದೆಯನ್ನು ತೋರಿಸಿದ. ಅದರ ಮೇಲೆ ಸಾಲಾಗಿ ಐದು ಹೂಗಳಿದ್ದವು.

"ನಿಮ್ಮ ಅನುಭವ ಹೇಗಿತ್ತು ಅಂತ ಒತ್ತಬೇಕಂತೆ. ಪೂರಾ ಚೆನ್ನಾಗಿದ್ರೆ ಕೊನೇ ಹೂವು."

"ಒತ್ತದಿದ್ರೆ?"

"ಕೊನೇ ಹೂವು ಒತ್ತೋ ತನಕ ಮುಂದಿನವರಿಗೆ ಗೇಟು ತೆಗೆಯಲ್ಲ ಅಮ್ಮ."

ನೀಲಮ್ಮ ತಿರುಗಿ ನೋಡಿದಳು. ಬಸುರಿ ಹೆಂಗಸು ಇಂದೂ ಸಾಲಿನಲ್ಲಿದ್ದಳು, ತಲೆಯ ಮೇಲೆ ಕೊಡ ಹೊತ್ತು, ಒಂದು ಕೈಯಿಂದ ಗೋಡೆ ಹಿಡಿದು. ಬಿಸಿಲು ಏರುತ್ತಿತ್ತು. ನೀಲಮ್ಮ ಕೈ ಚಾಚಿ ಕೊನೆಯ ಹೂವನ್ನು ಒತ್ತಿದಳು.

ಅಂದು ಸಂಜೆ ಆಸ್ಥಾನದಲ್ಲಿ, ಮೋಡದ ಬಗ್ಗೆ ತಥಾಸ್ತುಪುರದ ಪ್ರಜೆಗಳ ಸಂತೃಪ್ತಿ ಐದಕ್ಕೆ ಐದು ಎಂಬ ಕಂಪನಿಯ ಪ್ರಕಟಣೆಯನ್ನು ಮಹಾರಾಜರು ತಾವೇ ಎದ್ದು ನಿಂತು ಓದಿದರು.